ಸಹಾಯ ಬೇಕು: ಮುಂದೆ ತಜ್ಞರಾಗುವ ಯೋಚನೆಯಿದ್ದರೆ ಯಾವ ಬಗೆಯ ದಂತವೈದ್ಯಕೀಯ ಕಾಲೇಜು ಸೂಕ್ತ?

ಎಲ್ಲರಿಗೂ ನಮಸ್ಕಾರ. ನನಗೆ ಎರಡು ದಂತವೈದ್ಯಕೀಯ ಕಾಲೇಜುಗಳಲ್ಲಿ ಸೀಟು ಸಿಕ್ಕಿದ್ದು, ಪದವಿ ಮುಗಿದ ಮೇಲೆ ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆಯಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಬೇಕೆಂದಿದ್ದೇನೆ. ಅದು ಕೈಗೂಡದಿದ್ದರೆ ಆರ್ಥೊಡಾಂಟಿಕ್ಸ್ (ವಕ್ರ ಹಲ್ಲುಗಳನ್ನು ಸರಿಪಡಿಸುವ ವಿಭಾಗ).

ಮೊದಲನೆಯ ಕಾಲೇಜಿನಲ್ಲಿ ಬಹುತೇಕ ಎಲ್ಲ ವಿಭಾಗಗಳಲ್ಲೂ ಸ್ನಾತಕೋತ್ತರ ಕೋರ್ಸುಗಳಿವೆ, ಸಂಶೋಧನೆಗೂ ಅವಕಾಶವಿದೆ. ಆದರೆ ಅಲ್ಲಿನ ಹಿರಿಯ ವಿದ್ಯಾರ್ಥಿಗಳನ್ನು ವಿಚಾರಿಸಿದಾಗ, ಮೂಳೆಯೊಳಗೆ ಅಡ್ಡವಾಗಿ ಹುದುಗಿದ ಬುದ್ಧಿಹಲ್ಲನ್ನು ತೆಗೆಯುವುದು, ದವಡೆಹಲ್ಲಿನ ರೂಟ್ ಕೆನಾಲ್ ಮುಂತಾದ ಕಷ್ಟದ ಕೇಸುಗಳೆಲ್ಲ ಸ್ನಾತಕೋತ್ತರ ವಿದ್ಯಾರ್ಥಿಗಳ ಪಾಲಾಗಿ, ಪದವಿ ವಿದ್ಯಾರ್ಥಿಗಳು ಪಕ್ಕದಲ್ಲಿ ಸಕ್ಷನ್ (ಬಾಯೊಳಗಿನ ಎಂಜಲು, ರಕ್ತ ಹೀರುವ ಕೊಳವೆ) ಹಿಡಿದು ನಿಲ್ಲುವುದೇ ಹೆಚ್ಚು ಎಂದರು. ಎರಡನೆಯದರಲ್ಲಿ ಸ್ನಾತಕೋತ್ತರ ವಿಭಾಗಗಳೇ ಇಲ್ಲ; ರೋಗಿಗಳು ಹೆಚ್ಚು, ಹಲ್ಲು ಕೀಳುವುದರಿಂದ ಹಿಡಿದು ಹೊಲಿಗೆ ಹಾಕುವವರೆಗೆ ವಿದ್ಯಾರ್ಥಿಗಳೇ ಮಾಡುತ್ತಾರೆ. ಶುಲ್ಕವೂ ಕಡಿಮೆ. ಪದವಿಯ ನಂತರ ಸುಮಾರು 3 ವರ್ಷ ಅಥವಾ ಅದಕ್ಕೂ ಹೆಚ್ಚು ಓದುವುದಿರುವಾಗ ಶುಲ್ಕದ ಮಾತನ್ನು ಬದಿಗಿಡುವಂತಿಲ್ಲ.

ಎರಡೂ ವೆಬ್‌ಸೈಟ್‌ಗಳನ್ನು ಜಾಲಾಡಿದ್ದೇನೆ. ನಗುಮುಖದ ಫೋಟೊಗಳು ಬೇಕಾದಷ್ಟಿವೆ, ಎಷ್ಟು ಮಂದಿಗೆ ಸ್ನಾತಕೋತ್ತರ ಸೀಟು ಸಿಕ್ಕಿತೆಂಬ ಮಾಹಿತಿ ಮಾತ್ರ ಇಲ್ಲ. ಕಚೇರಿಗಳಿಗೆ ಬರೆದರೂ ಸ್ಪಷ್ಟ ಉತ್ತರ ಬರಲಿಲ್ಲ.

ನನ್ನ ಗೊಂದಲ ಇಷ್ಟೇ. ಆಯ್ಕೆಯ ವೇಳೆ ಅಂಕ, ಪ್ರವೇಶ ಪರೀಕ್ಷೆ, ಸಂಶೋಧನೆ, ಶಿಫಾರಸು ಪತ್ರಗಳಂಥವನ್ನು ನೋಡುತ್ತಾರೆಯೇ ಹೊರತು, ಕೈ ಎಷ್ಟು ಪಳಗಿದೆ ಎಂಬುದು ಅರ್ಜಿಯಲ್ಲಿ ಕಾಣುವುದಿಲ್ಲ. ಆದರೆ ಪಳಗದ ಕೈಯಿಂದ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಕಾಲಿಡಲು ನನಗೆ ಅಳುಕಿದೆ. ಸ್ನಾತಕೋತ್ತರ ವ್ಯಾಸಂಗ ಮಾಡಿದವರು ಅಥವಾ ಮಾಡುತ್ತಿರುವವರು ದಯವಿಟ್ಟು ತಿಳಿಸಿ: ಸ್ನಾತಕೋತ್ತರ ವಿಭಾಗಗಳಿಲ್ಲದ ಕಾಲೇಜಿನಲ್ಲಿ ಓದಿದ್ದು ನಿಮ್ಮ ಆಯ್ಕೆಗೆ ನಿಜವಾಗಿಯೂ ಅಡ್ಡಿಯಾಯಿತೇ, ಆಗಿದ್ದರೆ ಯಾವ ಹಂತದಲ್ಲಿ?