ಯು2 ಬ್ಯಾಂಡ್‌ನ ‘ಗ್ಲೋರಿಯಾ’: ಸಾಲುಗಳು ಕಳೆದುಹೋಗಿದ್ದೇ ಒಳ್ಳೆಯದಾಯಿತಾ?

ಹಳೇಕ್ಯಾಸೆಟ್:
ನಿನ್ನೆ ರಾತ್ರಿ ಐರ್ಲೆಂಡಿನ ರಾಕ್ ಬ್ಯಾಂಡ್ ಯು2ನ ‘ಅಕ್ಟೋಬರ್’ ಆಲ್ಬಂ ಮತ್ತೆ ಹಾಕಿದ್ದೆ. ಮೊದಲ ಹಾಡು ‘ಗ್ಲೋರಿಯಾ’ ದಾಟಿ ಮುಂದೆ ಹೋಗಲು ಮನಸ್ಸೇ ಬರಲಿಲ್ಲ. ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. 1981ರ ಮಾರ್ಚ್‌ನಲ್ಲಿ ಬ್ಯಾಂಡ್ ಅಮೆರಿಕ ಪ್ರವಾಸದಲ್ಲಿತ್ತು. ಪೋರ್ಟ್‌ಲ್ಯಾಂಡ್‌ನಲ್ಲಿ ಗಾಯಕ ಬೊನೊನ ಬ್ರೀಫ್‌ಕೇಸ್ ಕಾಣೆಯಾಯಿತು. ಎರಡನೇ ಆಲ್ಬಂ ಆದ ಈ ‘ಅಕ್ಟೋಬರ್’ಗೆಂದು ಬರೆದಿಟ್ಟ ಹಾಡಿನ ಸಾಲುಗಳು ಅದರಲ್ಲೇ ಇದ್ದವು. ಆ ಬೇಸಿಗೆಯಲ್ಲಿ ಡಬ್ಲಿನ್‌ನ ವಿಂಡ್‌ಮಿಲ್ ಲೇನ್ ಸ್ಟುಡಿಯೋಗೆ ಬಂದಾಗ ಕೈ ಖಾಲಿ. ಮೈಕ್ ಮುಂದೆ ನಿಂತು, ಬಾಯಿಗೆ ಬಂದದ್ದನ್ನು ಹಾಡುತ್ತಲೇ ಸಾಲು ಕಟ್ಟಬೇಕಾಯಿತು. ಆಗ ಅವನಿಗೆ ಬರೀ 21 ವರ್ಷ.

ಹಾಡು ಶುರುವಾಗುವುದೇ ಸೋಲಿನಿಂದ. ಹಾಡಲು ನೋಡುತ್ತಾನೆ. ಎದ್ದು ನಿಲ್ಲಲು ನೋಡುತ್ತಾನೆ, ಕಾಲು ನಿಲ್ಲುವುದಿಲ್ಲ. ಆಮೇಲೆ ಇಂಗ್ಲಿಷ್ ಬಿಟ್ಟು ಲ್ಯಾಟಿನ್‌ಗೆ ಜಿಗಿಯುತ್ತಾನೆ. ಸಾಲುಗಳು ಜೇಬಿನಲ್ಲೇ ಇದ್ದಿದ್ದರೆ ಈ ಹಾಡು ಹೀಗೆ ಹುಟ್ಟುತ್ತಿರಲಿಲ್ಲ ಅನ್ನುವುದು ನನ್ನ ಮಾತು. ಬರೆದುಕೊಂಡು ಬಂದ ಪ್ರಾರ್ಥನೆ ಬೇರೆ, ಬಾಯಿ ಕಟ್ಟಿದಾಗ ಬರುವ ಪ್ರಾರ್ಥನೆ ಬೇರೆ. ನೀವೇನಂತೀರಿ?

ನೇರಮಾತು:
ಒಪ್ಪುವುದಿಲ್ಲ. ಆಲ್ಬಂ ಮುಗಿಸಬೇಕಿತ್ತು, ಸಾಲು ಇರಲಿಲ್ಲ, ಅಷ್ಟೇ. ಅಂಥ ಹೊತ್ತಲ್ಲಿ ಯಾರಾದರೂ ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ. ಇವನಿಗೆ ಸಿಕ್ಕಿದ್ದು ಮ್ಯಾನೇಜರ್ ಪಾಲ್ ಮೆಕ್‌ಗಿನ್ನೆಸ್ ಹತ್ತಿರ ಇದ್ದ ಗ್ರೆಗೋರಿಯನ್ ಪಠಣದ, ಅಂದರೆ ಹಳೇ ಲ್ಯಾಟಿನ್ ಚರ್ಚ್ ಗಾಯನದ ರೆಕಾರ್ಡ್. ಲ್ಯಾಟಿನ್ ಬಂದದ್ದು ಅಲ್ಲಿಂದ. ಅದೂ ನೆಟ್ಟಗಿಲ್ಲ, ನೋಡಿ. ‘ಇನ್ ತೆ ದೋಮಿನೆ’ ಅಂದರೆ ‘ಒಡೆಯನೇ, ನಿನ್ನಲ್ಲಿ’. ಇದು ಬೈಬಲ್ಲಿನ ಒಂದು ಕೀರ್ತನೆಯ ಮೊದಲ ಮಾತು, ಅಲ್ಲಿ ಮುಂದೆ ‘ಭರವಸೆ ಇಟ್ಟೆ’ ಅಂತ ಬರುತ್ತದೆ. ಇವನು ಆ ಕ್ರಿಯಾಪದ ಬಿಟ್ಟು, ಮೊದಲಿಗೆ ‘ಗ್ಲೋರಿಯಾ’ (ಮಹಿಮೆ) ಅಂಟಿಸಿದ. ‘ನಿನ್ನಲ್ಲಿ’ ಅಂದಮೇಲೆ ನಿನ್ನಲ್ಲಿ ಏನು? ವಾಕ್ಯ ಮುಗಿಯುವುದೇ ಇಲ್ಲ. ಹುಡುಗರಿಗೆ ಭಕ್ತಿ ಇತ್ತು, ಅದು ಸರಿ. ಆದರೆ ಆತುರದಲ್ಲಿ ಆದ ಕೆಲಸವನ್ನು ದೈವಪ್ರೇರಣೆ ಅಂತ ಕರೆಯಬಾರದು.

ನೀಲಿಮಳೆ:
@ನೇರಮಾತು ನೀವು ತೋರಿಸಿದ ಆ ವಾಕ್ಯವೇ ನನಗೆ ಈ ಹಾಡಿನ ಜೀವ. ‘ಭರವಸೆ ಇಟ್ಟೆ’ ಎಂದು ಗಟ್ಟಿಯಾಗಿ ಹೇಳುವ ಸ್ಥಿತಿಯಲ್ಲಿ ಅವನು ಇರಲೇ ಇಲ್ಲ ಅಲ್ವಾ? ಆಗ ಬೊನೊ, ಗಿಟಾರ್ ನುಡಿಸುವ ಎಡ್ಜ್, ಡ್ರಮ್ಸ್ ಬಾರಿಸುವ ಲ್ಯಾರಿ ಮೂವರೂ ಡಬ್ಲಿನ್‌ನ ಶಾಲೋಮ್ ಎಂಬ ಕ್ರೈಸ್ತ ಪ್ರಾರ್ಥನಾ ಗುಂಪಿನಲ್ಲಿದ್ದರು. ರಾಕ್ ಸಂಗೀತ ಬಿಡಿ, ದೇವರ ದಾರಿಗೂ ಇದಕ್ಕೂ ಹೊಂದುವುದಿಲ್ಲ ಅಂತ ಅಲ್ಲಿನವರ ಒತ್ತಡ. ಎಡ್ಜ್ ಬ್ಯಾಂಡ್ ಬಿಡುವ ಹಂತಕ್ಕೇ ಹೋಗಿದ್ದ. ಪ್ರವಾಸಕ್ಕೆ ಮಾತು ಕೊಟ್ಟಾಗಿದೆ, ಅದನ್ನು ಮುರಿಯುವುದು ಸರಿಯಾ ಅಂತ ಮೆಕ್‌ಗಿನ್ನೆಸ್ ಕೇಳಿದ ಮೇಲೆ ಉಳಿದುಕೊಂಡರು. ಹಾಡಬೇಕು, ಆದರೆ ಹಾಡುವುದೇ ತಪ್ಪಿರಬಹುದು ಎಂಬ ಭಯ. ಇಪ್ಪತ್ತರ ಆಸುಪಾಸಿನ ಹುಡುಗರು ಇದನ್ನು ಎದೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ವಾಕ್ಯ ಪೂರ್ತಿ ಆಗದೇ ಇರುವುದೇ ನಿಜ ಅನ್ನಿಸುತ್ತದೆ ನನಗೆ.

ದಪ್ಪತಂತಿ:
ಎಲ್ಲರೂ ಬರೀ ಸಾಹಿತ್ಯದ ಬಗ್ಗೆ ಮಾತಾಡುತ್ತಿದ್ದೀರಿ. ಹಾಡು ಕಟ್ಟಿದ್ದು ನಾಲ್ಕು ಜನ. ನಾನು ಬೇಸ್ ಗಿಟಾರ್ ನುಡಿಸುತ್ತೇನೆ, ಹಾಗಾಗಿ ನನ್ನ ಕಿವಿ ಬ್ಯಾಂಡ್‌ನ ಬೇಸ್ ವಾದಕ ಆಡಮ್ ಕ್ಲೇಟನ್ ಕಡೆಗೇ ಹೋಗುತ್ತದೆ. ಆ ಪ್ರಾರ್ಥನಾ ಗುಂಪಿಗೆ ಸೇರದ ಒಬ್ಬನೇ ಒಬ್ಬ ಅವನು. ಉಳಿದ ಮೂವರು ಬೈಬಲ್ ಓದುತ್ತಾ ಕೂತಾಗ ಇವನು ಒಂಟಿ. ಹಾಡಿನ ಕೊನೆಯ ಭಾಗ ಕೇಳಿ. ಎಡ್ಜ್‌ನ ಗಿಟಾರ್ ತಂತಿ ಮೇಲೆ ಜಾರಿಕೊಂಡು ಹೋಗುತ್ತದೆ, ಆಮೇಲೆ ಬೇಸ್ ಮುಂದೆ ಬರುತ್ತದೆ. ಆಡಮ್ ತಂತಿಯನ್ನು ಬೆರಳಿನಿಂದ ಹೊಡೆದು, ಎಳೆದು ಬಿಡುತ್ತಾನೆ. ಸ್ವಲ್ಪ ಒರಟು, ಆದರೆ ಮೈ ಜುಮ್ಮೆನ್ನುತ್ತದೆ. ಬ್ಯಾಂಡ್‌ನ ಅಷ್ಟು ದೊಡ್ಡ ಸ್ತುತಿಗೀತೆಯಲ್ಲಿ, ನಂಬಿಕೆಯಿಂದ ಹೊರಗೆ ನಿಂತವನಿಗೆ ಅಷ್ಟು ಜಾಗ ಬಿಟ್ಟಿದ್ದಾರೆ. ಎಷ್ಟು ಸಲ ಕೇಳಿದರೂ ನನಗೆ ಅಲ್ಲಿ ಗಂಟಲು ಕಟ್ಟುತ್ತದೆ.

ನೇರಮಾತು:
@ದಪ್ಪತಂತಿ ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಈಗ ಮತ್ತೆ ಹಾಕಿ ಕೇಳಿದೆ, ಬೇಸ್ ಭಾಗ ನೀವು ಹೇಳಿದ ಹಾಗೇ ಇದೆ. ಆದರೂ ನನ್ನ ಮೂಲ ಪ್ರಶ್ನೆ ಹಾಗೇ ಉಳಿಯಿತು. ಲ್ಯಾಟಿನ್ ಯಾಕೆ? ಅದು ಅವನ ಬಾಲ್ಯದ ಭಾಷೆಯೂ ಅಲ್ಲ. ಅಪ್ಪ ಕ್ಯಾಥೊಲಿಕ್, ಅಮ್ಮ ಪ್ರಾಟೆಸ್ಟಂಟ್, ಅವನು ಹೋಗುತ್ತಿದ್ದುದು ಅಮ್ಮನ ಜೊತೆ ಅವಳ ಚರ್ಚಿಗೆ. ಕ್ಯಾಥೊಲಿಕ್ ಚರ್ಚುಗಳಲ್ಲೂ 1960ರ ದಶಕದಲ್ಲೇ ಪೂಜೆ ಜನರ ಭಾಷೆಗೆ ಬಂದಿತ್ತು.

ಹಳೇಕ್ಯಾಸೆಟ್:
ಬಾಲ್ಯದ ಭಾಷೆ ಅಲ್ಲ ಅನ್ನುವುದಕ್ಕೇ ಅದು ಕೆಲಸ ಮಾಡಿತು ಅಂತ ನನಗನಿಸುತ್ತದೆ. ನಮ್ಮ ಭಾಷೆಯಲ್ಲಿ ದೊಡ್ಡ ಮಾತು ಆಡುವಾಗ ನಾಚಿಕೆ ಅಡ್ಡ ಬರುತ್ತದೆ. ಅರ್ಥ ಪೂರ್ತಿ ಹಿಡಿತಕ್ಕೆ ಸಿಗದ ಭಾಷೆಯಲ್ಲಿ ಕೂಗಿಬಿಡಬಹುದು. ರಾಗ ಎಳೆಯುವಾಗ ಪದ ಬೇಕಾಗುವುದಿಲ್ಲ, ಬರೀ ಆಕಾರ ಸಾಕು, ಹಾಗೆ. ‘ಗ್ಲೋರಿಯಾ’ ಅನ್ನುವ ಪದ ನೋಡಿ, ಬಾಯಿ ತುಂಬಾ ತೆರೆಯುತ್ತದೆ, ಎಷ್ಟು ಬೇಕಾದರೂ ಎಳೆಯಬಹುದು. ಬೊನೊಗೆ ಅವತ್ತು ಅದು ಬೇಕಿತ್ತು.

ಮತ್ತೆ, ಕಳೆದುಹೋದ ಆ ಸಾಲುಗಳು 2004ರಲ್ಲಿ ವಾಪಸ್ ಸಿಕ್ಕವು. ಒಬ್ಬ ಮಹಿಳೆ ಅವುಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. 23 ವರ್ಷ!

ನೀಲಿಮಳೆ:
23 ವರ್ಷ ತಡವಾಗಿ ಬಂದದ್ದೇ ಒಳ್ಳೆಯದು. @ನೇರಮಾತು, ಆತುರದಲ್ಲಿ ಕಟ್ಟಿದ್ದು ಅಂದಿರಲ್ಲ, 1983ರ ಜೂನ್ 5ರಂದು ಅಮೆರಿಕದ ಕೊಲರಾಡೊದ ರೆಡ್ ರಾಕ್ಸ್ ಬಯಲು ರಂಗಮಂದಿರದಲ್ಲಿ ನುಡಿಸಿದ್ದನ್ನು ಒಮ್ಮೆ ಕೇಳಿ. ಮಳೆ, ಚಳಿ, ಸುತ್ತ ಕೆಂಪು ಬಂಡೆ. ‘ಅಂಡರ್ ಎ ಬ್ಲಡ್ ರೆಡ್ ಸ್ಕೈ’ ಲೈವ್ ರೆಕಾರ್ಡ್ ಶುರುವಾಗುವುದೇ ಅಂದಿನ ‘ಗ್ಲೋರಿಯಾ’ದಿಂದ.

ನೇರಮಾತು:
ಕೇಳಿದೆ. ಹೆಡ್‌ಫೋನ್ ಹಾಕಿಕೊಂಡು, ಎರಡು ಸಲ. ಆತುರ ಅನ್ನುವ ಮಾತನ್ನು ಬಿಡುವುದಿಲ್ಲ, ಆದರೆ ಆತುರದಲ್ಲಿ ಸುಳ್ಳು ಹೇಳಲು ಸಮಯ ಇರಲಿಲ್ಲ ಅಂತ ಈಗ ಅನಿಸುತ್ತಿದೆ. ಮೂರನೇ ಸಲ ಬೇಸ್‌ಗೋಸ್ಕರ ಕೇಳುತ್ತೇನೆ.