ನೂಡಲ್ಸು, ಪಾಸ್ತಾ ಮೊದ್ಲು ಯಾರದ್ದು? ಮನೇಲಿ ಜಗಳ ಹತ್ಕೊಂಡಿದೆ

ಒಗ್ಗರಣೆ_ಡಬ್ಬಿ (ಮೈಸೂರು):
ಎಲ್ರಿಗೂ ನಮಸ್ಕಾರ. ನಿನ್ನೆ ರಾತ್ರಿ ಪಾಸ್ತಾ ಮಾಡಿದ್ದೆ, ಮಗ ಎಂಟನೇ ಕ್ಲಾಸು, ತಟ್ಟೆ ಮುಂದೆ ಕೂತ್ಕೊಂಡು ಇದನ್ನ ಮಾರ್ಕೊ ಪೋಲೊ ಚೈನಾದಿಂದ ಇಟಲಿಗೆ ತಗೊಂಡ್ ಹೋಗಿದ್ದು ಅಂದ, ನಮ್ಮ ಯಜಮಾನ್ರು ಸುಮ್ನಿರ್ಬೇಕಲ್ವಾ, ಇಲ್ಲ ಅದು ಇಟಲಿದೇ ಅಂತ ಶುರು ಹಚ್ಕೊಂಡ್ರು. ಅತ್ತೆ ಮಾತ್ರ "ನಾವು ಶ್ಯಾವಿಗೆ ಒತ್ತಲ್ವಾ, ಇದೇನ್ ಮಹಾ" ಅಂದ್ಬಿಟ್ಟು ಮೊಸರನ್ನ ಕಲಸ್ಕೊಂಡ್ರು. ಮಾರ್ಕೊ ಪೋಲೊ ಕಥೆ ನಿಜಾನಾ? ಇನ್ನೊಂದು, ಚೈನಾದಲ್ಲಿ 4000 ವರ್ಷ ಹಳೇ ನೂಡಲ್ಸ್ ಸಿಕ್ಕಿದೆಯಂತೆ, ಅದೂ ನವಣೆದು ಅಂತಾರೆ. ನವಣೆ ಹಿಟ್ಟಲ್ಲಿ ರೊಟ್ಟಿ ತಟ್ಟೋಕೆ ಹೋದ್ರೇ ಅಂಚೆಲ್ಲಾ ಬಿರಿಯುತ್ತೆ ನಂಗೆ, ಅದ್ರಲ್ಲಿ ಉದ್ದುದ್ದ ಎಳೆ ಹೆಂಗ್ರೀ ಬರುತ್ತೆ?

ಹಳೇ_ಮೇಷ್ಟ್ರು (ಸರಸ್ವತಿಪುರಂ):
ಮಾರ್ಕೊ ಪೋಲೊ ಕಥೆ ಬಿಟ್ಟಾಕಿ ಮೇಡಂ. ಆತ ವೆನಿಸ್‌ಗೆ ವಾಪಸ್ ಬಂದಿದ್ದು 1295ರಲ್ಲಿ. ಇಟಲಿಯ ಜಿನೋವಾ ಊರಲ್ಲಿ 1279ರ ಒಂದು ಪತ್ರ ಇದೆ, ಯಾರೋ ಸೈನಿಕನ ಆಸ್ತಿಪಾಸ್ತಿ ಪಟ್ಟಿ, ಅದ್ರಲ್ಲಿ ಒಂದು ಬುಟ್ಟಿ ತುಂಬ ಮ್ಯಾಕರೋನಿ ಅಂತ ಬರೆದಿದೆ. ಬುಟ್ಟಿಲಿ ತುಂಬಿಟ್ಟು ಆಸ್ತಿ ಲೆಕ್ಕಕ್ಕೆ ಸೇರಿಸ್ತಾರೆ ಅಂದ್ರೆ ಒಣಗಿಸಿದ್ದೇ ಇರ್ಬೇಕು, ನಾವು ಹಪ್ಪಳ ಸಂಡಿಗೆ ಡಬ್ಬಿಗೆ ತುಂಬಿಡಲ್ವಾ ಹಂಗೆ. ಅದಕ್ಕಿಂತ ಹಿಂದೆ, 1154ರಲ್ಲೇ ಅಲ್ ಇದ್ರೀಸಿ ಅನ್ನೋ ಅರಬ್ ಭೂಗೋಳಜ್ಞ ಈಗಿನ ಇಟಲಿಗೆ ಸೇರಿದ ಸಿಸಿಲಿ ದ್ವೀಪದ ಪಲೆರ್ಮೊ ಹತ್ರ ತ್ರಾಬಿಯಾ ಅನ್ನೋ ಊರಲ್ಲಿ ಇತ್ರಿಯಾ ಅನ್ನೋ ಶ್ಯಾವಿಗೆ ಥರದ ಪಾಸ್ತಾನ ರಾಶಿ ರಾಶಿ ಮಾಡಿ ಹಡಗಲ್ಲಿ ಬೇರೆ ದೇಶಕ್ಕೆ ಕಳಿಸ್ತಾರೆ ಅಂತ ಬರೆದಿದ್ದಾನೆ. ಮಾರ್ಕೊ ಪೋಲೊ ಆಗ ಹುಟ್ಟೇ ಇರ್ಲಿಲ್ಲ! ಈ ಕಥೆ ಜನಪ್ರಿಯ ಆಗಿದ್ದು ಅಮೆರಿಕದಲ್ಲಿ, 1929ರಲ್ಲಿ ಅಲ್ಲಿನ ಮ್ಯಾಕರೋನಿ ವ್ಯಾಪಾರಿಗಳ ಪತ್ರಿಕೆಲಿ ಬಂದ್ಮೇಲೆ. ಮಾರೋರು ಕಥೆ ಕಟ್ಟೋದು ಹೊಸದೇನಲ್ಲ ಬಿಡಿ.
ಹಂಗಂತ ನಿಮ್ಮ ಯಜಮಾನ್ರು ಪೂರ್ತಿ ಗೆದ್ರು ಅನ್ಕೋಬೇಡಿ, ಇತ್ರಿಯಾ ಅನ್ನೋದು ಅರಬ್ಬಿ ಹೆಸರು, ಆ ಕಾಲದ ಸಿಸಿಲಿಲಿ ಅರಬ್ಬರು ಬೇಕಾದಷ್ಟಿದ್ರು.

ಕಬ್ಬಿನ_ಗದ್ದೆ (ಮಂಡ್ಯ):
ಅಕ್ಕ ನಿಮ್ಮತ್ತೆಗೆ ನನ್ದೊಂದು ನಮಸ್ಕಾರ ಹೇಳಿ. ನವಣೆದು ಎಳೆ ಬರಾಕಿಲ್ಲ ಅಂದ್ರಲ್ಲ, ಎಳೆದ್ರೆ ಬರಾಕಿಲ್ಲ, ಒತ್ತುದ್ರೆ ಬತ್ತದೆ. ನಮ್ಮವ್ವ ಒತ್ತು ಶ್ಯಾವಿಗೆ ಮಾಡೋದ ನೋಡಿವ್ನಿ, ಅಕ್ಕಿಹಿಟ್ಟ ಕುದಿಯೋ ನೀರ್ಗೆ ಹಾಕಿ ಮುದ್ದೆ ತಿರುವಿ, ಉಂಡೆ ಕಟ್ಟಿ, ಆ ಉಂಡೆನ ಮತ್ತೆ ಬೇಯ್ಸಿ, ಬಿಸಿ ಬಿಸಿ ಇರೋವಾಗ್ಲೇ ಒರಳಿಗೆ ಹಾಕ್ಬೇಕು. ಉಂಡೆ ಆರೋಯ್ತೋ ಒರಳು ಇಳಿಯಾಕೇ ಇಲ್ಲ, ನಾನು ಚಿಕ್ಕೋನಿದ್ದಾಗ ಹಿಡಿ ಮೇಲೆ ಕುಂತ್ಕೊಂಡು ತೂಗಾಡಿದ್ರೂವೆ ಜಪ್ಪಯ್ಯ ಅನ್ಲಿಲ್ಲ, ಅವ್ವ ಸೌಟಲ್ಲಿ ಒಂದು ಬುಟ್ಳು. ಅಕ್ಕೀಲಿ ಎಲ್ಲೈತೆ ಗೋಧಿ ಜಿಗುಟು? ಹಿಟ್ಟು ಬೆಂದು ಅಂಟಾಯ್ತದೆ, ಅದೇ ಎಳೆ ಹಿಡ್ಕಳದು. ರಾಗಿ ಶ್ಯಾವಿಗೆನೂ ಹಿಂಗೇಯ.

ದೋಸೆ_ಕಲ್ಲು (ಕುವೆಂಪುನಗರ):
ಕಬ್ಬಿನ ಗದ್ದೆ ಅವ್ರು ಹೇಳಿದ್ದು ಸರಿಯಾಗಿ ಜಗಳದ ಬುಡಕ್ಕೇ ಬಿತ್ತು. ಆ 4000 ವರ್ಷ ಹಳೇ ನೂಡಲ್ಸ್ ಸಿಕ್ಕಿದ್ದು ಚೈನಾದ ಚಿಂಗ್‌ಹೈ ಪ್ರಾಂತ್ಯದ ಲಾಜಿಯಾ ಅನ್ನೋ ಜಾಗದಲ್ಲಿ, ಭೂಕಂಪ, ಪ್ರವಾಹ ಬಂದು ಮುಚ್ಚಿಹೋಗಿದ್ದ ಊರು. ಸುಮಾರು 3 ಮೀಟರ್ ಮಣ್ಣಿನ ಕೆಳಗೆ ಒಂದು ಮಣ್ಣಿನ ಬಟ್ಟಲು ಬೋರಲು ಬಿದ್ದಿತ್ತು, ಎತ್ತಿದ್ರೆ ಅದರಡಿ ಹಳದಿ ಎಳೆಗಳು, ಉದ್ದ 50 ಸೆಂಟಿಮೀಟರ್‌ಗೂ ಜಾಸ್ತಿ. ನವಣೆ, ಬರಗು ಎರಡ್ರದ್ದೂ ಗುರುತು ಸಿಕ್ತು ಅಂತ 2005ರಲ್ಲಿ ನೇಚರ್ ಅನ್ನೋ ವಿಜ್ಞಾನ ಪತ್ರಿಕೆಲಿ ಬಂತು. ಆಮೇಲೆ ಬೇರೆ ಸಂಶೋಧಕರು ನೀವು ಕೇಳಿದ್ದನ್ನೇ ಕೇಳಿದ್ರು ಮೇಡಂ, ಸಿರಿಧಾನ್ಯದಲ್ಲಿ ಗ್ಲೂಟೆನ್, ಅಂದ್ರೆ ಆ ಗೋಧಿ ಜಿಗುಟು, ಇಲ್ಲ, ಎಳೆದ್ರೆ ತುಂಡಾಗುತ್ತೆ, ಹೆಂಗ್ ಸಾಧ್ಯ ಅಂತ. ಆಗ ನೇಚರ್‌ನಲ್ಲಿ ಬರೆದ ಸಂಶೋಧಕರು ಹಿಟ್ಟನ್ನ ಬಿಸಿಯಲ್ಲಿ ಅಂಟಾಗಿಸಿ ತೂತಿನ ಒತ್ತು ಮಣೆಯಿಂದ ಒತ್ತಿ ತೋರಿಸಿದ್ರು. ಉತ್ತರ ಚೈನಾದಲ್ಲಿ ಹೆಲೆ ಅಂತ ಇವತ್ತಿಗೂ ಮಾಡ್ತಾರೆ, ಕುದಿಯೋ ಪಾತ್ರೆ ಮೇಲೆ ಮರದ ಒತ್ತು ಇಟ್ಟು ಉದ್ದ ಹಿಡಿ ಅದುಮಿದ್ರೆ ಎಳೆ ನೇರ ನೀರಿಗೇ ಬೀಳುತ್ತೆ.
ಆದ್ರೆ ನನ್ ಪ್ರಕಾರ ಇದನ್ನೂ ಪಾಸ್ತಾನೂ ಒಂದೇ ತಕ್ಕಡಿಲಿ ತೂಗೋದೇ ತಪ್ಪು. ಒಣಗಿದ ಪಾಸ್ತಾ ನಿಂತಿರೋದು ಡ್ಯೂರಮ್ ಗೋಧಿ ಮೇಲೆ, ಗಟ್ಟಿ ಕಾಳು, ಬೀಸಿದ್ರೆ ರವೆ ಬರುತ್ತೆ, ನಮ್ ಕಡೆ ಬನ್ಸಿ ಇದೆಯಲ್ಲ ಆ ಜಾತಿ. ಒಣಗಿಸಿದ್ರೆ ತಿಂಗಳುಗಟ್ಲೆ ಇರುತ್ತೆ, ಅದಕ್ಕೇ ಹಡಗು ಹತ್ತಿದ್ದು. ಎರಡೂ ಕಡೆ ಬೇರೆ ಬೇರೆಯಾಗಿ ಹುಟ್ಕೊಂಡಿರೋ ಸಾಧ್ಯತೆನೇ ಜಾಸ್ತಿ.

ಹಳೇ_ಮೇಷ್ಟ್ರು:
ಒಪ್ದೆ. ಆದ್ರೆ ಒಂದೇ ಒಂದು ಬಟ್ಟಲು ಇಟ್ಕೊಂಡು ಚೈನಾನೇ ಮೊದ್ಲು ಅನ್ನೋದೂ ಅವಸರ ಸ್ವಾಮಿ. ಹಿಟ್ಟಿನ ಎಳೆ ಉಳಿಯೋದೇ ಅಪರೂಪ, ಬೇರೆ ಊರಲ್ಲಿ ಬಟ್ಟಲು ಬೋರಲು ಬೀಳ್ಲಿಲ್ಲ ಅಷ್ಟೇ.

ಕಬ್ಬಿನ_ಗದ್ದೆ:
ಕೂಲ್ ಸಾರ್. ನಮ್ಮೂರಲ್ಲಿ ಬಿದ್ದಿದ್ರೂ ನಾಯಿ ಬುಡ್ತಿರ್ಲಿಲ್ಲ.

ಒಗ್ಗರಣೆ_ಡಬ್ಬಿ:
ಎಲ್ಲಾ ಓದಿ ಹೇಳ್ದೆ. ಮಗ ಸಿಸಿಲಿ ಎಲ್ಲಿದೆ ಅಂತ ಮ್ಯಾಪ್ ಹುಡುಕ್ತಿದಾನೆ, ಯಜಮಾನ್ರು ಅರ್ಧ ಗೆದ್ದೆ ಅಂತ ಓಡಾಡ್ತಿದಾರೆ. ಅತ್ತೆ ಬಟ್ಟಲಿನ ಕಥೆ ಪೂರ್ತಿ ಕೇಳಿಸ್ಕೊಂಡು "ಪಾಪ, ಊಟಕ್ಕೆ ಕೂತಿದ್ರೇನೋ" ಅಂದ್ರು, ಸ್ವಲ್ಪ ಹೊತ್ತು ಬಿಟ್ಟು, "ಅದಕ್ಕೆ ಕಾಯಿಹಾಲೋ ಸಾರೋ, ಕೇಳು" ಅಂತಿದಾರೆ. ಯಾರಿಗಾದ್ರೂ ಗೊತ್ತಾ?