ಕಣ್ಣಿನ ಪ್ರಶ್ನೆಗಳು: ಇವತ್ತು ಸಂಜೆ 7ರಿಂದ 9

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ನಮ್ಮ ಗುಂಪಿನಲ್ಲೇ ಇರುವ ಕಣ್ಣಿನ ಡಾಕ್ಟರ್ ಮೇಡಂ ಇವತ್ತು ಎರಡು ಗಂಟೆ ಬಿಡುವು ಮಾಡಿಕೊಂಡಿದ್ದಾರೆ. ದಿನನಿತ್ಯ ಕಣ್ಣು ನೋಡಿಕೊಳ್ಳುವ ಬಗ್ಗೆ ಕೇಳಿ. ಫಾರ್ವರ್ಡ್ ಮೆಸೇಜ್ ಹಾಕಬೇಡಿ.

ರಾತ್ರಿಪಾಳಿ: ಮೇಡಂ, ದಿನಕ್ಕೆ 10 ಗಂಟೆ ಕಂಪ್ಯೂಟರ್ ಮುಂದೆ ಇರುತ್ತೇನೆ. ಕೊನೆಗೆ ಕಣ್ಣು ಉರಿ, ಆಮೇಲೆ ನೀರು ಸುರಿಯುತ್ತದೆ. ನೀಲಿ ಬೆಳಕು ತಡೆಯುವ ಬ್ಲೂ ಕಟ್ ಕನ್ನಡಕ ತೆಗೆದುಕೊಳ್ಳಲಾ?

ಡಾಕ್ಟರ್: ನಿಮ್ಮ ತೊಂದರೆಗೆ ಕಾರಣ ನೀಲಿ ಬೆಳಕಲ್ಲ, ರೆಪ್ಪೆ. ಮಾತಾಡುತ್ತಾ ಕೂತಾಗ ನಾವು ನಿಮಿಷಕ್ಕೆ ಹೆಚ್ಚುಕಡಿಮೆ 15 ಸಲ ರೆಪ್ಪೆ ಬಡಿಯುತ್ತೇವೆ. ಪರದೆ ನೋಡುವಾಗ ಅದು ಅರ್ಧಕ್ಕೆ, ಕೆಲವರಲ್ಲಿ ಇನ್ನೂ ಕೆಳಗೆ ಇಳಿಯುತ್ತದೆ. ಬಡಿದರೂ ಪೂರ್ತಿ ಮುಚ್ಚುವುದಿಲ್ಲ. ಕಣ್ಣು ಒಣಗುತ್ತದೆ. ಒಣಗಿದ ಕಣ್ಣೇ ನೀರು ಸುರಿಸುವುದು, ಇದನ್ನು ಹೇಳಿದರೆ ಜನ ನಂಬುವುದಿಲ್ಲ. 20 ನಿಮಿಷಕ್ಕೊಮ್ಮೆ 20 ಅಡಿ ಆಚೆಗೆ 20 ಸೆಕೆಂಡು ನೋಡಿ. ಆ ಹೊತ್ತಿನಲ್ಲಿ ನಾಲ್ಕೈದು ಸಲ ಮೆಲ್ಲಗೆ, ಪೂರ್ತಿ ಕಣ್ಣು ಮುಚ್ಚಿ ತೆರೆಯಿರಿ. ಪರದೆ ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿರಲಿ. ಏಸಿ ಗಾಳಿ ನೇರ ಮುಖಕ್ಕೆ ಬಡಿಯುತ್ತಿದ್ದರೆ ಕುರ್ಚಿ ಬದಲಾಯಿಸಿ. ಕೃತಕ ಕಣ್ಣೀರಿನ ಹನಿ ಹಾಕಬಹುದು. ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಕಾದರೆ ಪ್ರಿಸರ್ವೇಟಿವ್ (ಹನಿ ಕೆಡದಂತೆ ಸೇರಿಸುವ ರಾಸಾಯನಿಕ) ಇಲ್ಲದ್ದನ್ನು ಕೇಳಿ. ಬ್ಲೂ ಕಟ್ ವಿಷಯ: 2023ರಲ್ಲಿ ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕಣ್ಣಿನ ಆಯಾಸಕ್ಕೆ ಮಾಮೂಲಿ ಗಾಜಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಆ ದುಡ್ಡು ಉಳಿಸಿ.

ಮೂರನೇ ಕ್ಲಾಸ್ ಅಮ್ಮ: ಮಗಳಿಗೆ 9 ವರ್ಷ. ಹೋದ ವರ್ಷ ಮೈನಸ್ 1.5 ಇತ್ತು, ಈಗ 2.5. ಕನ್ನಡಕ ಹಾಕಿ ಹಾಕಿಯೇ ನಂಬರ್ ಏರಿತು ಎಂದು ಅತ್ತೆ ಹೇಳುತ್ತಾರೆ. ಕ್ಯಾರೆಟ್ ಕೊಟ್ಟರೆ ಇಳಿಯುತ್ತದಾ?

ಡಾಕ್ಟರ್: ಕ್ಯಾರೆಟ್ ಕೊಡಿ, ಸೊಪ್ಪೂ ಕೊಡಿ. ಆದರೆ ನಂಬರ್ ಇಳಿಯುವುದಿಲ್ಲ. ಕಣ್ಣುಗುಡ್ಡೆ ಉದ್ದಕ್ಕೆ ಬೆಳೆದಿರುವುದರಿಂದ ಮೈನಸ್ ಬಂದಿದೆ, ಕನ್ನಡಕದಿಂದ ಅಲ್ಲ. ಅತ್ತೆಯವರಿಗೆ ಸಮಾಧಾನವಾಗಿ ಹೇಳಿ, ಕನ್ನಡಕ ಮಾತ್ರ ತೆಗೆಸಬೇಡಿ. ದಿನಕ್ಕೆ 2 ಗಂಟೆ ಹಗಲು ಬೆಳಕಿನಲ್ಲಿ ಹೊರಗೆ ಆಡಿಸಿ. ಮೈನಸ್ ಬಾರದ ಮಕ್ಕಳಿಗೆ ಬರದಂತೆ ತಡೆಯಲು ಇದು ಸಹಾಯ ಮಾಡುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರ ಇದೆ. ತಂಗಿ ತಮ್ಮ ಇದ್ದರೆ ಅವರನ್ನೂ ಕಳಿಸಿ. ವರ್ಷಕ್ಕೆ 1 ನಂಬರ್ ಏರಿದೆ, ಹಾಗಾಗಿ ಏರಿಕೆ ನಿಧಾನವಾಗಲು ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿ ಬೇಕಾ ಎಂದು ನಿಮ್ಮ ಡಾಕ್ಟರನ್ನು ಕೇಳಿ. 6 ತಿಂಗಳಿಗೊಮ್ಮೆ ತಪ್ಪದೆ ತೋರಿಸಿ.

ಹೊಸ ಲ್ಯಾಪ್‌ಟಾಪ್: ಬ್ಲೂ ಕಟ್ ಒಳ್ಳೆಯದಾ ಮೇಡಂ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಮೈಸೂರು ರಸ್ತೆ: ಕನ್ನಡಕ ಬಿಡಲು ಲೇಸರ್ ಮಾಡಿಸಲು ಎಷ್ಟು ಖರ್ಚು? ವಯಸ್ಸು 22.

ಸಿಹಿ ಬೇಡ: ಸಕ್ಕರೆ ಕಾಯಿಲೆ 12 ವರ್ಷದಿಂದ ಇದೆ. ಕಣ್ಣು ಚೆನ್ನಾಗಿಯೇ ಕಾಣುತ್ತಿದೆ. ಆದರೂ ತೋರಿಸಬೇಕಾ?

ಡಾಕ್ಟರ್: ಬೇಕು. ವರ್ಷಕ್ಕೊಮ್ಮೆ, ಹನಿ ಹಾಕಿ ಪಾಪೆ ಹಿಗ್ಗಿಸಿ, ಒಳಗಿನ ನರಪದರ ನೋಡಿಸಬೇಕು. ಕಾಣುವುದು ಕಡಿಮೆಯಾಗುವ ಮೊದಲೇ ಒಳಗೆ ಹಾಳಾಗಿರಬಹುದು. ಈ ವಾರವೇ ಹೋಗಿ.

ನಿವೃತ್ತ ಮೇಷ್ಟ್ರು: ಎಲ್ಲರೂ ಓದಿ, ಹತ್ತು ಜನಕ್ಕೆ ಕಳಿಸಿ. ಈರುಳ್ಳಿ ರಸ, ಶುಂಠಿ ರಸ, ನಿಂಬೆ ರಸ ತಲಾ ಒಂದು ಚಮಚ, ಜೇನು ಮೂರು ಚಮಚ. ಬೆರೆಸಿ ದಿನಕ್ಕೆ ಎರಡು ಹನಿ ಕಣ್ಣಿಗೆ ಬಿಟ್ಟರೆ ಮೂರು ತಿಂಗಳಲ್ಲಿ ಕನ್ನಡಕ ಬಿಡಬಹುದು, ಪೊರೆಯೂ ಕರಗುತ್ತದೆ.

ಡಾಕ್ಟರ್: ದಯವಿಟ್ಟು ಇದನ್ನು ಅಳಿಸಿ. ನಿಂಬೆ ರಸ ಆಮ್ಲ, ಕಣ್ಣಿನ ಮೇಲ್ಪದರವನ್ನು ಸುಡುತ್ತದೆ. ಅಡುಗೆಮನೆಯಲ್ಲಿ ಬೆರೆಸಿದ ರಸದಲ್ಲಿ ಸೂಕ್ಷ್ಮಾಣು ಇದ್ದೇ ಇರುತ್ತವೆ. ಪೊರೆ ಯಾವ ಹನಿಗೂ ಕರಗುವುದಿಲ್ಲ, ಆಪರೇಷನ್ ಒಂದೇ ದಾರಿ. ಇದೇ ಮೆಸೇಜನ್ನು ಈ ತಿಂಗಳು ಮೂರನೇ ಸಲ ನೋಡುತ್ತಿದ್ದೇನೆ.

ಹಿತ್ತಲ ಗಿಡ: ಮೇಡಂ, ಎಲ್ಲವನ್ನೂ ತಳ್ಳಿಹಾಕಬೇಡಿ. ನಮ್ಮಜ್ಜಿ ನಂದಿಬಟ್ಟಲು ಹೂವಿನ ರಸವನ್ನೇ ಕಣ್ಣಿಗೆ ಹಾಕುತ್ತಿದ್ದರು. 80 ವರ್ಷಕ್ಕೂ ಸೂಜಿಗೆ ದಾರ ಪೋಣಿಸುತ್ತಿದ್ದರು.

ರಾತ್ರಿಪಾಳಿ: ನಿಮ್ಮಜ್ಜಿಯದು ಪುಣ್ಯ. ನಮ್ಮ ದೊಡ್ಡಪ್ಪನಿಗೂ ಅದೇ ಹಾಕಿದರು, ಒಂದು ಕಣ್ಣು ಹೋಯಿತು.

ಹಿತ್ತಲ ಗಿಡ: ಹೂವು ತೊಳೆಯದೆ ಹಾಕಿರಬೇಕು.

ರಾತ್ರಿಪಾಳಿ: ಹೋದ ಕಣ್ಣಿಗೆ ಈಗ ಅದನ್ನು ಹೇಳುತ್ತೀರಾ?

ಕಬ್ಬಿನ ಗದ್ದೆ: ಮೇಡಂ ನಮ್ಮದು ಪಾಂಡವಪುರದ ಹತ್ತಿರ. ಅಪ್ಪನಿಗೆ 58. ಐದು ದಿನದ ಹಿಂದೆ ಕಬ್ಬು ಕಡಿಯುವಾಗ ಗರಿ ಕಣ್ಣಿಗೆ ಹೊಡೆಯಿತು. ಮೆಡಿಕಲ್ ಶಾಪಿನಲ್ಲಿ ಹನಿ ಕೊಟ್ಟರು. ಎರಡು ದಿನ ಕೆಂಪು ಇಳಿಯಿತು. ನಿನ್ನೆಯಿಂದ ಜಾಸ್ತಿ ಆಗಿದೆ, ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ ಇದೆ. ಅಮ್ಮ ತಂಪಾಗಲಿ ಎಂದು ರಾತ್ರಿ ಹರಳೆಣ್ಣೆ ಬಿಟ್ಟಿದ್ದಾರೆ. ಇನ್ನೆಷ್ಟು ದಿನ ಹನಿ ಹಾಕಬೇಕು?

ಡಾಕ್ಟರ್: ಉಳಿದವರು ದಯವಿಟ್ಟು ಕಾಯಿರಿ. ನೀವು ಈಗಲೇ ಮೂರು ವಿಷಯ ಹೇಳಿ. ಬಾಟಲ್ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುವ ಔಷಧಿ ಹೆಸರು ಏನು? ಬೆಳಕು ನೋಡಿದರೆ ಚುಚ್ಚುತ್ತದಾ? ಒಳ್ಳೆಯ ಕಣ್ಣು ಮುಚ್ಚಿದರೆ ಪೆಟ್ಟಾದ ಕಣ್ಣಿಗೆ ನಿಮ್ಮ ಬೆರಳು ಎಣಿಸಲು ಆಗುತ್ತದಾ?

ಕಬ್ಬಿನ ಗದ್ದೆ: ಕ್ಲೋರಾಮ್‌ಫೆನಿಕಾಲ್ ಮತ್ತು ಡೆಕ್ಸಾಮೆಥಾಸೋನ್ ಎಂದಿದೆ. ಲೈಟ್ ಹಾಕಿದರೆ ಮುಖ ಮುಚ್ಚಿಕೊಳ್ಳುತ್ತಾರೆ. ಬೆರಳು ಕಾಣುತ್ತವೆ, ಮಂಜು ಮಂಜು ಎನ್ನುತ್ತಾರೆ.

ಡಾಕ್ಟರ್: ಆ ಹನಿ ಈ ಕ್ಷಣದಿಂದ ನಿಲ್ಲಿಸಿ. ಎಣ್ಣೆಯೂ ಬೇಡ, ಬೇರೆ ಏನೂ ಬೇಡ. ಡೆಕ್ಸಾಮೆಥಾಸೋನ್ ಅಂದರೆ ಸ್ಟೀರಾಯ್ಡ್. ಏನಾಗಿರಬಹುದು ಎಂದು ಬಿಡಿಸಿ ಹೇಳುತ್ತೇನೆ, ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ. ಕಬ್ಬಿನ ಗರಿ, ಭತ್ತದ ಸುಂಕು, ಜೋಳದ ಎಲೆ ಇವುಗಳ ಮೇಲೆ ಬೂಸ್ಟಿನ ಬೀಜ ಇರುತ್ತವೆ. ಕರಿಗುಡ್ಡೆಯ ಮೇಲಿನ ಗಾಜಿನಂಥ ಪದರ ಗೀರಿದಾಗ ಅವು ಒಳಗೆ ಇಳಿಯುತ್ತವೆ. ಅಲ್ಲಿ ಬೂಸ್ಟು ಬೆಳೆದರೆ ಬಿಳಿ ಅಥವಾ ಬೂದು ಚುಕ್ಕೆ ಕಾಣುತ್ತದೆ. ಬೂಸ್ಟಿನ ಹುಣ್ಣು ಮೆಲ್ಲಗೆ ಬೆಳೆಯುತ್ತದೆ, ಅದಕ್ಕೇ ಐದಾರು ದಿನ ಆದಮೇಲೆ ಗೊತ್ತಾಗುತ್ತದೆ. ಸ್ಟೀರಾಯ್ಡ್ ಹಾಕಿದಾಗ ಕೆಂಪು, ನೋವು ಇಳಿಯುತ್ತದೆ. ಯಾಕೆಂದರೆ ಸೋಂಕಿನ ಜೊತೆ ಹೋರಾಡುವ ನಮ್ಮ ಮೈಯ ಶಕ್ತಿಯನ್ನೇ ಅದು ತಣ್ಣಗಾಗಿಸುತ್ತದೆ. ಹೊರಗೆ ವಾಸಿಯಾದಂತೆ ಕಾಣುತ್ತದೆ, ಒಳಗೆ ಬೂಸ್ಟಿಗೆ ಅಡ್ಡಿ ಇರುವುದಿಲ್ಲ. ನಿಮ್ಮ ಅಪ್ಪನಿಗೆ ಎರಡು ದಿನ ಆರಾಮ ಅನ್ನಿಸಿದ್ದು ಹಾಗೆಯೇ ಇರಬಹುದು ಎಂಬುದು ನನ್ನ ಭಯ. ನಾನು ಕಣ್ಣು ನೋಡಿಲ್ಲ, ಬ್ಯಾಕ್ಟೀರಿಯಾ ಹುಣ್ಣೂ ಇರಬಹುದು. ಚುಕ್ಕೆಯಿಂದ ಚೂರು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಿಳಿಯುತ್ತದೆ. ಬೂಸ್ಟೇ ಆದರೆ ನಾಟಮೈಸಿನ್ ಹನಿ ಕೊಡುತ್ತಾರೆ. ಮೊದಲ ದಿನಗಳಲ್ಲಿ ಗಂಟೆಗೊಮ್ಮೆ, ಆಮೇಲೆ ವಾರಗಟ್ಟಲೆ ಹಾಕಬೇಕು. ಮಧ್ಯೆ ಬಿಡಬಾರದು. ತಡವಾದರೆ ಪದರ ತೂತಾಗಿ ಕಣ್ಣು ಕಳೆದುಕೊಳ್ಳುವ ಅಪಾಯ ಇದೆ. ಇವತ್ತು ರಾತ್ರಿಯೇ ಹೊರಡಲು ಆದರೆ ಹೊರಡಿ. ಮಂಡ್ಯ ಮೆಡಿಕಲ್ ಕಾಲೇಜು ಆಸ್ಪತ್ರೆ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆ. ಕಣ್ಣಿಗೆ ಬಟ್ಟೆ ಬಿಗಿದು ಕಟ್ಟಬೇಡಿ, ಉಜ್ಜಲು ಬಿಡಬೇಡಿ, ಬೇಕಾದರೆ ಕಪ್ಪು ಕನ್ನಡಕ ಹಾಕಿಸಿ. ಹನಿಯ ಬಾಟಲ್ ಜೊತೆಗೆ ಒಯ್ಯಿರಿ. ಹರಳೆಣ್ಣೆ ಬಿಟ್ಟಿದ್ದನ್ನೂ ಹೇಳಿ, ಮುಚ್ಚಿಡಬೇಡಿ. ಅಮ್ಮನನ್ನು ಬೈಯಬೇಡಿ.

ಮೆಡಿಕಲ್ ಶಾಪ್: ನಾನು 14 ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ. ಎಲ್ಲದಕ್ಕೂ ನಮ್ಮ ಮೇಲೆ ಹೊರಿಸುವುದು ಸರಿಯಲ್ಲ. ರಾತ್ರಿ 9ಕ್ಕೆ ಕಣ್ಣು ಕೆಂಪಾಗಿ ಬಂದವನನ್ನು ಎಲ್ಲಿಗೆ ಕಳಿಸಲಿ? ಹಳ್ಳಿಯಲ್ಲಿ ಕಣ್ಣಿನ ಡಾಕ್ಟರ್ ಇದ್ದಾರಾ?

ರಾತ್ರಿಪಾಳಿ: ಹಾಗಂತ ಚೀಟಿ ಇಲ್ಲದೆ ಸ್ಟೀರಾಯ್ಡ್ ಕೊಡುವುದಾ?

ಮೆಡಿಕಲ್ ಶಾಪ್: ಕೊಡದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ನಿಮಗೇನು ಗೊತ್ತು, ಏಸಿಯಲ್ಲಿ ಕೂರುವವರಿಗೆ?

ಹಿತ್ತಲ ಗಿಡ: ನೋಡಿ, ಇಂಗ್ಲಿಷ್ ಔಷಧಿಯೇ ಈಗ ಕಣ್ಣು ಕೆಡಿಸಿದ್ದು. ನಂದಿಬಟ್ಟಲು ಹಾಕಿದ್ದರೆ ಇಷ್ಟಾಗುತ್ತಿತ್ತಾ?

ಡಾಕ್ಟರ್: ಆಗುತ್ತಿತ್ತು. ಪೆಟ್ಟಾದ ಕಣ್ಣಿಗೆ ಗಿಡದ ರಸ ಹಾಕುವುದೂ ಬೂಸ್ಟಿಗೆ ದಾರಿ ಮಾಡಿಕೊಟ್ಟಂತೆ. ಈ ವಾದ ಇಲ್ಲಿಗೆ ಸಾಕು. ಮೆಡಿಕಲ್ ಶಾಪ್ ಅಣ್ಣ, ಊರಲ್ಲಿ ಡಾಕ್ಟರ್ ಇಲ್ಲ ಎಂಬುದು ನಿಜವಾದ ಕಷ್ಟ, ಒಪ್ಪುತ್ತೇನೆ. ಆದರೆ ಕಣ್ಣಿಗೆ ಗರಿ, ಸುಂಕು, ಮಣ್ಣು ಬಿತ್ತು ಎಂದು ಬಂದವರಿಗೆ ಸ್ಟೀರಾಯ್ಡ್ ಮಾತ್ರ ಕೊಡಬೇಡಿ. ಶುದ್ಧ ನೀರಿನಲ್ಲಿ ತೊಳೆಯಲು ಹೇಳಿ, ಮರುದಿನವೇ ತಾಲ್ಲೂಕು ಆಸ್ಪತ್ರೆಗೆ ಕಳಿಸಿ. ನಿಮ್ಮ ಮಾತನ್ನು ಅವರು ನನ್ನ ಮಾತಿಗಿಂತ ಜಾಸ್ತಿ ಕೇಳುತ್ತಾರೆ.

ಮೆಡಿಕಲ್ ಶಾಪ್: ಹೇಳುವುದು ಸುಲಭ ಮೇಡಂ.

ನಿವೃತ್ತ ಮೇಷ್ಟ್ರು: ನನ್ನ ಮೆಸೇಜ್ ಯಾಕೆ ಅಳಿಸಿದ್ದೀರಿ ಅಡ್ಮಿನ್? ಒಳ್ಳೆಯ ಉದ್ದೇಶದಿಂದಲೇ ಹಾಕಿದ್ದು. ಡಾಕ್ಟರುಗಳಿಗೆ ಕನ್ನಡಕದ ಅಂಗಡಿಯಿಂದ ಕಮಿಷನ್ ಹೋಗುತ್ತದೆ, ಅದನ್ನು ಯಾರೂ ಕೇಳುವುದಿಲ್ಲ.

ಅಡ್ಮಿನ್: ಮೇಷ್ಟ್ರೇ, ಕಮಿಷನ್ ಮಾತು ಬೇಡ. ಫಾರ್ವರ್ಡ್ ಬೇಡ ಎಂದು ಮೊದಲೇ ಹೇಳಿದ್ದೆ.

ಮೂರನೇ ಕ್ಲಾಸ್ ಅಮ್ಮ: ಹೋದ ತಿಂಗಳು ಈ ಮೆಸೇಜ್ ನಮ್ಮತ್ತೆಗೂ ಬಂದಿತ್ತು ಮೇಷ್ಟ್ರೇ. ನಿಂಬೆ ರಸ ಬಿಟ್ಟುಕೊಂಡು ಇಡೀ ರಾತ್ರಿ ನರಳಿದರು. ಉದ್ದೇಶ ಒಳ್ಳೆಯದಾದರೆ ಸಾಕಾ?

ಹೊಸ ಬಾಣಂತಿ: ಮಗುವಿಗೆ ಕಣ್ಣೊಳಗೆ ಕಾಡಿಗೆ ಹಚ್ಚಬಹುದಾ? ಕಣ್ಣು ದೊಡ್ಡದಾಗುತ್ತದೆ ಎನ್ನುತ್ತಾರೆ.

ಡಾಕ್ಟರ್: ಬೇಡ. ಕಣ್ಣು ದೊಡ್ಡದಾಗುವುದಿಲ್ಲ. ಕೆಲವು ಕಾಡಿಗೆಯಲ್ಲಿ ಸೀಸ ಇರುತ್ತದೆ, ಮಗುವಿನ ಮೈಗೆ ಸೇರುತ್ತದೆ. ದೃಷ್ಟಿಬೊಟ್ಟು ಅಂಗಾಲಿಗೆ ಇಡಿ.

ಪಿಜಿ ಹುಡುಗ: ರೂಮಿನಲ್ಲಿ ಒಬ್ಬನಿಗೆ ಮದ್ರಾಸ್ ಐ. ಅವನನ್ನು ನೋಡಿದರೆ ಬರುತ್ತದಾ?

ಡಾಕ್ಟರ್: ನೋಡಿದರೆ ಬರುವುದಿಲ್ಲ. ಕೈ, ಟವೆಲ್, ದಿಂಬಿನಿಂದ ಬರುತ್ತದೆ.

ಹೊಸ ಲ್ಯಾಪ್‌ಟಾಪ್: ಬ್ಲೂ ಕಟ್ ಬೇಡ ಸರಿ, ಮೊಬೈಲಿನಲ್ಲಿ ನೈಟ್ ಮೋಡ್ ಹಾಕಿದರೆ?

ಡಾಕ್ಟರ್: ರೆಪ್ಪೆ ಬಡಿಯಿರಿ. ಮೇಲಿನದನ್ನು ಓದಿ.

ಹೊಸ ಲ್ಯಾಪ್‌ಟಾಪ್: ಕೇಳಿದ್ದಕ್ಕೆ ಇಷ್ಟು ಬಿರುಸಾಗಿ ಹೇಳಬೇಕಾ?

ಚಾಳೀಸು ಬಂತು: 43 ವರ್ಷ. ಪೇಪರ್ ದೂರ ಹಿಡಿದರೆ ಕಾಣುತ್ತದೆ. ರಸ್ತೆ ಬದಿ 150 ರೂಪಾಯಿಯ ಕನ್ನಡಕ ಸಾಕಾ?

ಡಾಕ್ಟರ್: ಓದಲು ತಾತ್ಕಾಲಿಕವಾಗಿ ಸಾಕು. ಆದರೆ 40 ದಾಟಿದ್ದೀರಿ, ಒಮ್ಮೆ ಕಣ್ಣಿನೊಳಗಿನ ಒತ್ತಡ ನೋಡಿಸಿ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇದ್ದರೆ ತಡ ಮಾಡಬೇಡಿ. ಹೆಚ್ಚಿನವರಲ್ಲಿ ಅದಕ್ಕೆ ನೋವೇ ಇರುವುದಿಲ್ಲ, ಹೋದ ದೃಷ್ಟಿ ಮತ್ತೆ ಬರುವುದಿಲ್ಲ.

ಮೈಸೂರು ರಸ್ತೆ: ಲೇಸರ್ ಬಗ್ಗೆ ಕೇಳಿದ್ದೆ ಮೇಡಂ.

ಡಾಕ್ಟರ್: ಕಬ್ಬಿನ ಗದ್ದೆಯವರೇ, ಇದ್ದೀರಾ? ಹೊರಟಿರಾ?

ಹಿತ್ತಲ ಗಿಡ: ಮೇಡಂ ಗದರಿದ್ದಕ್ಕೆ ಅವರು ಹೆದರಿ ಹೋಗಿರಬೇಕು.

ಅಡ್ಮಿನ್: ಸಾಕು. 9 ಗಂಟೆ ಆಯಿತು, ಹೊಸ ಪ್ರಶ್ನೆ ಬೇಡ.

ಮೆಡಿಕಲ್ ಶಾಪ್: ಮೇಡಂ, ಪಾಂಡವಪುರದಲ್ಲಿ ನಮ್ಮ ಭಾವನ ಕಾರು ಇದೆ. ಅವರಿಗೆ ಬೇಕಿದ್ದರೆ ನನಗೆ ಬೇರೆಯಾಗಿ ಮೆಸೇಜ್ ಮಾಡಲಿ.

ಕಬ್ಬಿನ ಗದ್ದೆ: ಮೇಡಂ, ಅಪ್ಪ ಬೆಳಿಗ್ಗೆ ನೋಡೋಣ ಎಂದು ಹಟ ಹಿಡಿದಿದ್ದರು. ನೀವು ಬರೆದಿದ್ದನ್ನು ಎರಡು ಸಲ ಓದಿ ಹೇಳಿದೆ. ಈಗ ಒಪ್ಪಿದ್ದಾರೆ. ಶಾಪ್ ಅಣ್ಣನಿಗೆ ಮೆಸೇಜ್ ಮಾಡಿದ್ದೇನೆ, ಮೈಸೂರಿಗೆ ಹೊರಡುತ್ತೇವೆ.

ಡಾಕ್ಟರ್: ಒಳ್ಳೆಯದು. ಬಾಟಲ್ ತೆಗೆದುಕೊಂಡಿರಾ?

ಕಬ್ಬಿನ ಗದ್ದೆ: ಜೇಬಿನಲ್ಲಿದೆ.